ಸುತ್ತೋಲೆಯ ಎದುರು ಕವಿತೆ

ವಿಶ್ವವಿದ್ಯಾಲಯದ ಅಧ್ಯಾಪಕರ ಮೇಲೆ ರಾಜಕೀಯ ಒತ್ತಡ ಬೀಳುವುದು ಬಹುತೇಕ ಕಾಗದದ ಮೂಲಕ. ಆ ಕಾಗದಕ್ಕೆ ತನ್ನದೇ ಆದ ವ್ಯಾಕರಣವಿದೆ. 'ಗಮನಕ್ಕೆ ಬಂದಿರುತ್ತದೆ', 'ಈ ಮೂಲಕ ಸೂಚಿಸಲಾಗಿದೆ', 'ನಿಯಮಾನುಸಾರ ಕ್ರಮ ಜರುಗಿಸಲಾಗುವುದು' ಎಂಬ ವಾಕ್ಯಗಳನ್ನು ಓದಿದವರಿಗೆ ಇದು ಹೊಸದಲ್ಲ. ಯಾರ ಗಮನಕ್ಕೆ ಬಂತು, ಸೂಚಿಸಿದವರು ಯಾರು, ಕ್ರಮ ಜರುಗಿಸುವವರು ಯಾರು ಎಂದು ಕೇಳಿದರೆ ಈ ವಾಕ್ಯಗಳೊಳಗೆ ಉತ್ತರ ಸಿಗುವುದಿಲ್ಲ. ಕರ್ಮಣಿ ಪ್ರಯೋಗದ ಅನುಕೂಲವೇ ಅದು: ಕೆಲಸ ನಡೆಯುತ್ತದೆ, ಮಾಡಿದವರು ಇರುವುದಿಲ್ಲ. ಅಧ್ಯಾಪಕರು ಇದಕ್ಕೆ ಬರೆಯುವ ವಿವರಣೆಯೂ ಬೇಗನೆ ಅದೇ ಭಾಷೆಗೆ ಇಳಿಯುತ್ತದೆ. 'ಪಾಠ ಮಾಡುವಾಗ ಸದರಿ ವಿಷಯವನ್ನು ಪ್ರಸ್ತಾಪಿಸಲಾಗಿತ್ತು, ಮುಂದೆ ಪ್ರಸ್ತಾಪಿಸಲಾಗುವುದಿಲ್ಲ' ಎಂದು ಬರೆದುಕೊಟ್ಟ ಮೇಲೆ ಪ್ರಸ್ತಾಪಿಸಿದವರೂ ಮಾಯ, ಕೈಬಿಟ್ಟವರೂ ಮಾಯ.

ಇಂಥ ಹೊತ್ತಿನಲ್ಲಿ ಅಧ್ಯಾಪಕರು ಮನವಿಪತ್ರ ಬರೆಯುತ್ತಾರೆ, ನ್ಯಾಯಾಲಯಕ್ಕೆ ಹೋಗುತ್ತಾರೆ, ಸಂಘದ ಸಭೆ ಕರೆಯುತ್ತಾರೆ; ಕೆಲವರು ಕವಿತೆಯನ್ನೂ ಬರೆಯುತ್ತಾರೆ. ಇದನ್ನು ಧೈರ್ಯದ ಕುರುಹೆಂದು ಹೊಗಳಿ ಮುಂದೆ ಹೋಗುವುದು ರೂಢಿ. ಆ ಹೊಗಳಿಕೆ ತೀರಾ ತೆಳುವಾದದ್ದು ಎಂದು ನನಗನ್ನಿಸುತ್ತದೆ. ಕವಿತೆಯಿಂದ ಅಮಾನತು ರದ್ದಾದ ಉದಾಹರಣೆ ಹುಡುಕಿದರೂ ಸಿಗುವುದು ಕಷ್ಟ. ಕವಿತೆಯಿಂದಲೇ ಹೊಸ ತೊಂದರೆ ಹುಟ್ಟಿದ ಉದಾಹರಣೆಗಳು ಬೇಕಾದಷ್ಟಿವೆ. ಆದರೂ ಮನವಿಪತ್ರಕ್ಕಾಗಲೀ ತೀರ್ಪಿಗಾಗಲೀ ಆಗದ ಒಂದು ಕೆಲಸವನ್ನು ಕವಿತೆ ಮಾಡಬಲ್ಲದು. ಸುತ್ತೋಲೆ ತೆಗೆದುಹಾಕಿದ ಕರ್ತೃವನ್ನು ಅದು ವಾಕ್ಯಕ್ಕೆ ಮರಳಿ ತರುತ್ತದೆ. ಹಾಗೆ ಮರಳಿ ಬರುವವರಲ್ಲಿ ಆದೇಶ ಹೊರಡಿಸಿದವರಷ್ಟೇ ಅಲ್ಲ, ಅದಕ್ಕೆ ತಲೆಬಾಗಿದ 'ನಾನು' ಕೂಡ ಇರಬೇಕಾಗುತ್ತದೆ.

ಒತ್ತಡದ ಇತ್ತೀಚಿನ ರೂಪಗಳನ್ನು ಮೊದಲು ಗಮನಿಸಬೇಕು. ಹಂಗೇರಿಯಲ್ಲಿ 2018ರ ಒಂದು ಸರ್ಕಾರಿ ಆದೇಶ ಲಿಂಗತ್ವ ಅಧ್ಯಯನವನ್ನು ಮಾನ್ಯ ಪದವಿಗಳ ಪಟ್ಟಿಯಿಂದಲೇ ಕೈಬಿಟ್ಟಿತು. ಅದೇ ವರ್ಷದ ಕೊನೆಗೆ ಸೆಂಟ್ರಲ್ ಯೂರೋಪಿಯನ್ ವಿಶ್ವವಿದ್ಯಾಲಯ ತನ್ನ ಬೋಧನೆಯನ್ನು ಬುಡಾಪೆಸ್ಟ್‌ನಿಂದ ವಿಯೆನ್ನಾಕ್ಕೆ ಸಾಗಿಸುವುದಾಗಿ ಘೋಷಿಸಬೇಕಾಯಿತು. ಅಮೆರಿಕದಲ್ಲಿ 2025ರಲ್ಲಿ ಒತ್ತಡ ಅನುದಾನದ ದಾರಿ ಹಿಡಿಯಿತು. ಸರ್ಕಾರದ ಬೇಡಿಕೆಗಳನ್ನು ಒಪ್ಪದ ಹಾರ್ವರ್ಡ್‌ಗೆ ಬರಬೇಕಿದ್ದ 200 ಕೋಟಿ ಡಾಲರ್‌ಗೂ ಹೆಚ್ಚಿನ ಸಂಶೋಧನಾ ಹಣವನ್ನು ಏಪ್ರಿಲ್‌ನಲ್ಲಿ ತಡೆಹಿಡಿಯಲಾಯಿತು, ಸೆಪ್ಟೆಂಬರ್‌ನಲ್ಲಿ ಕೆಳ ನ್ಯಾಯಾಲಯವೊಂದು ಆ ತಡೆ ಕಾನೂನುಬಾಹಿರ ಎಂದಿತು. ಕೊಲಂಬಿಯಾ ವಿಶ್ವವಿದ್ಯಾಲಯ ಜುಲೈನಲ್ಲಿಯೇ 20 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತ್ತು. ('ತಡೆಹಿಡಿಯಲಾಯಿತು' ಎಂದು ನಾನೂ ಬರೆದೆ. ಈ ಪ್ರಯೋಗ ಎಷ್ಟು ಸಲೀಸಾಗಿ ಕೈಗೆ ಹತ್ತುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.) ಪಟ್ಟಿ, ಅನುದಾನ, ನೇಮಕ ಹೀಗೆ ದಾರಿ ಯಾವುದಾದರೂ ಇರಲಿ, ಕೊನೆಗೆ ಅದು ಬಂದು ಮುಟ್ಟುವುದು ತರಗತಿಯ ಬಾಗಿಲಲ್ಲಿ ನಿಂತು, ಇವತ್ತು ಆ ಉದಾಹರಣೆ ಹೇಳಲೋ ಬೇಡವೋ ಎಂದು ಯೋಚಿಸುವ ಒಬ್ಬ ವ್ಯಕ್ತಿಯನ್ನು. ಆ ಕ್ಷಣಕ್ಕೆ ಯಾವ ದಾಖಲೆಯೂ ಇರುವುದಿಲ್ಲ. ಹೇಳದೆ ಬಿಟ್ಟ ಉದಾಹರಣೆ ಹಾಜರಿ ಪುಸ್ತಕದಲ್ಲಿ ದಾಖಲಾಗುವುದಿಲ್ಲ, ಅದರ ಮೇಲೆ ಮೊಕದ್ದಮೆ ಹೂಡಲೂ ಬರುವುದಿಲ್ಲ.

ಒತ್ತಡ ಹೇರುವವರು ಭಾಷೆಯ ಈ ಬಲವನ್ನು ಕವಿಗಳಿಗಿಂತ ಮೊದಲೇ ಅರಿತವರು. 1931ರಲ್ಲಿ ಇಟಲಿಯ ಫ್ಯಾಸಿಸ್ಟ್ ಸರ್ಕಾರ ಪ್ರಾಧ್ಯಾಪಕರಿಂದ ನಿಷ್ಠೆಯ ಪ್ರಮಾಣವಚನ ಕೇಳಿದಾಗ ಸುಮಾರು 1,200 ಮಂದಿಯ ಪೈಕಿ ನಿರಾಕರಿಸಿದವರು ಹನ್ನೆರಡರ ಆಸುಪಾಸು. 1949ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಕಮ್ಯುನಿಸ್ಟ್ ವಿರೋಧಿ ಪ್ರಮಾಣವನ್ನು ಕಡ್ಡಾಯ ಮಾಡಿತು. ಮರುವರ್ಷ 31 ಅಧ್ಯಾಪಕರನ್ನು ವಜಾ ಮಾಡಿತು. 1952ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತಾದರೂ ಅದಕ್ಕೆ ಕೊಟ್ಟ ಕಾರಣ ವಾಕ್ ಸ್ವಾತಂತ್ರ್ಯವಲ್ಲ: ಅಷ್ಟರೊಳಗೆ ರಾಜ್ಯವೇ ಎಲ್ಲ ನೌಕರರಿಗೂ ಇನ್ನೊಂದು ಪ್ರಮಾಣವನ್ನು ವಿಧಿಸಿದ್ದರಿಂದ ವಿಶ್ವವಿದ್ಯಾಲಯ ಪ್ರತ್ಯೇಕವಾಗಿ ಮತ್ತೊಂದನ್ನು ಕೇಳುವಂತಿಲ್ಲ ಎಂಬುದು. ಗೆದ್ದರೂ ಗೆಲುವಿನ ರುಚಿ ಹತ್ತದ ತೀರ್ಪು ಅದು. ಬರ್ಕ್ಲಿಯಲ್ಲಿ ಭಾಷಾಶಾಸ್ತ್ರ ಓದುತ್ತ ಸಹಾಯಕ ಬೋಧಕನಾಗಿದ್ದ ಕವಿ ಜಾಕ್ ಸ್ಪೈಸರ್ ಕೂಡ ಸಹಿ ಹಾಕದೆ ಆ ಕೆಲಸ ಬಿಟ್ಟು ಮಿನೆಸೋಟಕ್ಕೆ ಹೋದ. ಪ್ರಮಾಣವಚನದಲ್ಲಿ 'ನಾನು' ಎಂಬ ಕರ್ತೃ ಇದ್ದೇ ಇರುತ್ತದೆ, ಆದರೆ ಆ 'ನಾನು' ಬೇರೆಯವರು ಬರೆದುಕೊಟ್ಟದ್ದು. ಕವಿಯೊಬ್ಬನಿಗೆ ಇದಕ್ಕಿಂತ ಹೆಚ್ಚು ಇರಿಸುಮುರಿಸಿನ ಪಠ್ಯ ಇರಲಾರದು.

ಅಧ್ಯಾಪಕ ಆಡಿದ ಮಾತು ಯಾರದ್ದು ಎಂಬ ಪ್ರಶ್ನೆಗೆ ಕಾನೂನು ಇನ್ನೂ ನೇರ ಉತ್ತರ ಕೊಟ್ಟಿಲ್ಲ. ಸರ್ಕಾರಿ ನೌಕರರು ಕರ್ತವ್ಯದ ಭಾಗವಾಗಿ ಆಡುವ ಮಾತಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆಯಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಬೋಧನೆ ಮತ್ತು ಸಂಶೋಧನೆಗೂ ಇದು ಅನ್ವಯಿಸುತ್ತದೆಯೇ ಎಂಬುದನ್ನು ಮಾತ್ರ ತೀರ್ಮಾನಿಸದೆ ಬಿಟ್ಟಿತು. ಫ್ಲಾರಿಡಾ ರಾಜ್ಯ ಆ ಬಿರುಕನ್ನು ಹಿಡಿದುಕೊಂಡು, ಜನಾಂಗ ಮತ್ತು ಲಿಂಗಭೇದದ ವಿಷಯಗಳನ್ನು ಹೇಗೆ ಬೋಧಿಸಬೇಕೆಂದು ಕಟ್ಟುಪಾಡು ಹಾಕಿದ 2022ರ ತನ್ನ ಕಾಯ್ದೆಯನ್ನು ಸಮರ್ಥಿಸುತ್ತ, ಸರ್ಕಾರಿ ವಿಶ್ವವಿದ್ಯಾಲಯದ ತರಗತಿಯಲ್ಲಿ ಪ್ರಾಧ್ಯಾಪಕರು ಆಡುವ ಮಾತು ಸರ್ಕಾರದ್ದೇ ಮಾತು ಎಂದು ವಾದಿಸಿತು. ನ್ಯಾಯಾಧೀಶರು ಅದೇ ವರ್ಷದ ನವೆಂಬರ್‌ನಲ್ಲಿ ಆ ಕಾಯ್ದೆಗೆ ತಡೆ ಕೊಟ್ಟರು. ವಾದ ಮಾತ್ರ ಈಗ ಲೋಕಕ್ಕೆ ಬಂದಾಗಿದೆ: ಪಾಠ ಹೇಳುವ ಬಾಯಿ ಅಧ್ಯಾಪಕರದ್ದು, ಮಾತು ಸರ್ಕಾರದ್ದು.

ಭಾರತದಲ್ಲಿ ಇದಕ್ಕೆ ಸಮನಾದ ಕುತೂಹಲದ ಎಳೆಯೊಂದಿದೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳು ಸರ್ಕಾರದ ನೀತಿಯನ್ನು ಟೀಕಿಸುವುದನ್ನು ನಿಷೇಧಿಸುತ್ತವೆ. ಪತ್ರಿಕೆಗೋ ಆಕಾಶವಾಣಿಗೋ ಬರೆಯಲು ಅನುಮತಿ ಬೇಕೆಂದ ಆ ನಿಯಮಗಳಲ್ಲೇ 'ಶುದ್ಧ ಸಾಹಿತ್ಯಿಕ, ಕಲಾತ್ಮಕ ಅಥವಾ ವೈಜ್ಞಾನಿಕ' ಬರಹಕ್ಕೆ ವಿನಾಯಿತಿಯನ್ನೂ ಕೊಡಲಾಗಿತ್ತು. ಇಂಥ ನಿಯಮಗಳನ್ನು ವಿಶ್ವವಿದ್ಯಾಲಯದ ಅಧ್ಯಾಪಕರಿಗೂ ಹೇರಬೇಕೇ ಎಂಬ ಜಗಳ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ 2018ರಲ್ಲಿ ಜೋರಾಗಿ ಎದ್ದಿತು. ಕವಿತೆಗೆ ಕಾನೂನು ತೋರಿಸಿದ ಜಾಗ ಎಷ್ಟೆಂದರೆ 'ಶುದ್ಧ' ಎಂಬ ಆ ಒಂದು ವಿಶೇಷಣದಷ್ಟು. ಪರೀಕ್ಷಾ ವಿಭಾಗದ ಅಕ್ರಮದ ಬಗ್ಗೆ ಲೇಖನ ಬರೆದರೆ ನೋಟಿಸು ಬರುತ್ತದೆ. ಮಳೆಯ ಬಗ್ಗೆ ಕವಿತೆ ಬರೆದರೆ ಬರುವುದಿಲ್ಲ. ಆ ಮಳೆಯಲ್ಲಿ ಯಾರು ನೆನೆಯುತ್ತಿದ್ದಾರೆ ಎಂದು ಬರೆದರೆ ಅದು ಶುದ್ಧವೋ ಅಲ್ಲವೋ ಎಂದು ತೀರ್ಮಾನಿಸಲು ಸಮಿತಿ ಕೂಡಬೇಕಾಗುತ್ತದೆ.

ಸಮಿತಿ ಕೂಡುವುದೂ ಉಂಟು. 2019ರ ಡಿಸೆಂಬರ್‌ನಲ್ಲಿ ಕಾನ್ಪುರದ ಐಐಟಿಯ ಪ್ರತಿಭಟನೆಯೊಂದರಲ್ಲಿ ವಿದ್ಯಾರ್ಥಿಗಳು ಫೈಜ್ ಅಹ್ಮದ್ ಫೈಜ್ ಅವರ ಉರ್ದು ಕವಿತೆಯೊಂದನ್ನು ಹಾಡಿದರು. ದೂರು ಬಂತು, ಸಂಸ್ಥೆ ವಿಚಾರಣಾ ಸಮಿತಿ ರಚಿಸಿತು. ಕವಿತೆಯನ್ನು ಓದಿದ ಕಾಲ ಮತ್ತು ಸ್ಥಳ ತಕ್ಕುದಾಗಿರಲಿಲ್ಲ ಎಂಬುದು 2020ರ ಮಾರ್ಚ್‌ನಲ್ಲಿ ಸಮಿತಿ ಕಂಡುಕೊಂಡ ಸತ್ಯ. ಅರ್ಥದ ತಂಟೆಗೆ ಹೋಗದೆ ದೇಶಕಾಲದ ಮೇಲೆ ಭಾರ ಹಾಕಿದ ಆ ಜಾಣತನವನ್ನು ಗಮನಿಸಬೇಕು. ಆದರೆ ಕವಿತೆ ಹೊರಗೊಂದು ಹೇಳಿ ಒಳಗೊಂದು ಸೂಚಿಸುತ್ತದೆ, ಆದ್ದರಿಂದ ಕವಿ ಪಾರಾಗಬಹುದು ಎಂದು ನಂಬಿದವರಿಗೆ ಇಲ್ಲೊಂದು ಎಚ್ಚರಿಕೆಯಿದೆ. ಒಂಬತ್ತನೆಯ ಶತಮಾನದ ಆನಂದವರ್ಧನ ಧ್ವನಿಯನ್ನು, ಅಂದರೆ ಸೂಚ್ಯಾರ್ಥವನ್ನು, ಕಾವ್ಯದ ಆತ್ಮ ಎಂದಾಗ ಅವನ ಕಣ್ಣ ಮುಂದೆ ಇದ್ದವನು ಸಹೃದಯ ಓದುಗ. ದೂರು ಕೊಡುವವನೂ ಧ್ವನಿವಾದಿಯೇ. ವಾಚ್ಯಾರ್ಥಕ್ಕೆ ಅವನು ಎಂದೂ ತೃಪ್ತನಾಗುವುದಿಲ್ಲ. ಇಸ್ರೇಲ್‌ನಲ್ಲಿ ಪ್ಯಾಲೆಸ್ತೀನಿ ಕವಯಿತ್ರಿ ದಾರೀನ್ ತಾತೂರ್ ಅವರಿಗೆ 2018ರಲ್ಲಿ ಐದು ತಿಂಗಳ ಶಿಕ್ಷೆ ಆದ ಮೊಕದ್ದಮೆಯಲ್ಲಿ ಅರಬ್ಬಿ ಕವಿತೆಯೊಂದರ ಅನುವಾದವೇ ವಾದದ ವಸ್ತುವಾಗಿತ್ತು. 2025ರ ಮಾರ್ಚ್‌ನಲ್ಲಿ ಭಾರತದ ಸುಪ್ರೀಂ ಕೋರ್ಟ್, ಸಂಸದ ಮತ್ತು ಕವಿ ಇಮ್ರಾನ್ ಪ್ರತಾಪಗಢಿ ಅವರ ಮೇಲೆ ಕವಿತೆಯೊಂದಕ್ಕಾಗಿ ಗುಜರಾತಿನಲ್ಲಿ ದಾಖಲಾಗಿದ್ದ ಎಫ್‌ಐಆರ್ ರದ್ದು ಮಾಡುತ್ತ, ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ ವಿವೇಕಿಗಳ ಅಳತೆಗೋಲಿನಿಂದ ಅಳೆಯಬೇಕೇ ಹೊರತು ಅಳ್ಳೆದೆಯವರ ಅಳತೆಯಿಂದಲ್ಲ ಎಂಬರ್ಥದ ಮಾತು ಹೇಳಿತು. ಸಹೃದಯನಿಗೆ ನ್ಯಾಯಾಲಯ ಕೊಟ್ಟ ವ್ಯಾಖ್ಯಾನವೆಂದೇ ಅದನ್ನು ಓದಬಹುದು.

ಹಾಗೆಂದು ಅಧ್ಯಾಪಕ ಕವಿಗಳೆಲ್ಲ ಮರೆಯಲ್ಲಿ ನಿಂತು ಬರೆದವರಲ್ಲ. ಧಾರವಾಡದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಚಂದ್ರಶೇಖರ ಪಾಟೀಲರು ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡವರು. ಅವರ ಕೈಯ ಆಯುಧ ಒಗಟಿನಂಥ ಬೆಡಗಲ್ಲ, ಬಯಲಲ್ಲೇ ನಿಂತು ಕಾಲೆಳೆಯುವ ವಿಡಂಬನೆ.

ಕವಿತೆಯ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಪಠ್ಯ ಮನವಿಪತ್ರ. 2016ರ ಜನವರಿಯಲ್ಲಿ ಟರ್ಕಿಯ 1,128 ವಿದ್ವಾಂಸರು ಕುರ್ದಿಶ್ ಪ್ರದೇಶದ ಸೇನಾ ಕಾರ್ಯಾಚರಣೆಯನ್ನು ವಿರೋಧಿಸಿ, ಈ ಅಪರಾಧದಲ್ಲಿ ನಾವು ಪಾಲುದಾರರಾಗುವುದಿಲ್ಲ ಎಂಬ ಹೇಳಿಕೆಗೆ ಸಹಿ ಮಾಡಿದರು. ಆಮೇಲೆ ನೂರಾರು ಮಂದಿ ಕೆಲಸ ಕಳೆದುಕೊಂಡರು, ಎಂಟುನೂರಕ್ಕೂ ಹೆಚ್ಚು ಮಂದಿ ವಿಚಾರಣೆ ಎದುರಿಸಿದರು. ಅದು ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2019ರ ಜುಲೈನಲ್ಲಿ ಹೇಳುವ ಹೊತ್ತಿಗೆ ಮೂರೂವರೆ ವರ್ಷ ಕಳೆದಿತ್ತು. ಮನವಿಪತ್ರದ ಬಲ ಎಣಿಕೆಯಲ್ಲಿದೆ, ಅಪಾಯವೂ ಅಲ್ಲೇ ಇದೆ: ಸಹಿಗಳ ಪಟ್ಟಿ ಆರೋಪಿಗಳ ಪಟ್ಟಿಯಾಗಲು ಹೆಚ್ಚು ಕೆಲಸ ಬೇಕಿಲ್ಲ. ಎಲ್ಲರೂ ಒಪ್ಪಬೇಕಾದ ಪಠ್ಯವಾದ್ದರಿಂದ ಅದರಲ್ಲಿ ಯಾರೊಬ್ಬರ ದಿಗಿಲಿಗೂ ಜಾಗವಿರುವುದಿಲ್ಲ. ಸಹಿ ಹಾಕುವ ಮುನ್ನ ಹೆಂಡತಿಯನ್ನೋ ಗಂಡನನ್ನೋ ಕೇಳಿದ್ದು, ಮನೆ ಸಾಲದ ಕಂತು ನೆನಪಾಗಿದ್ದು, ಪಕ್ಕದ ಕೊಠಡಿಯ ಸಹೋದ್ಯೋಗಿ ಸಹಿ ಹಾಕದೆ ನಕ್ಕು ಮುಂದೆ ಹೋಗಿದ್ದು, ಇದ್ಯಾವುದೂ ಅಲ್ಲಿ ಬರುವಂತಿಲ್ಲ. ಇವೇ ಕವಿತೆಯ ಸಾಮಗ್ರಿ. 2021ರ ಜನವರಿಯಲ್ಲಿ ಅಧ್ಯಕ್ಷರ ಆದೇಶದಿಂದ ಕುಲಪತಿ ನೇಮಕವಾದಾಗ ಇಸ್ತಾಂಬುಲ್‌ನ ಬೊಗಾಝಿಚಿ ವಿಶ್ವವಿದ್ಯಾಲಯದ ಅಧ್ಯಾಪಕರು ನಿಲುವಂಗಿ ತೊಟ್ಟು ಕೆಲಸದ ದಿನಗಳಂದು ಆಡಳಿತ ಕಟ್ಟಡಕ್ಕೆ ಬೆನ್ನು ತಿರುಗಿಸಿ ನಿಲ್ಲತೊಡಗಿದರು. ಒಂದೂ ಶಬ್ದವಿಲ್ಲದ ಆ ಭಂಗಿ ಮನವಿಪತ್ರಕ್ಕಿಂತ ಕವಿತೆಗೆ ಹತ್ತಿರದ್ದು.

ಅಧಿಕಾರ ಮತ್ತು ಅಧ್ಯಾಪಕ ಕವಿಯ ಸಂಬಂಧವನ್ನು ಒಂದೇ ಬದುಕಿನಲ್ಲಿ ಇಡಿಯಾಗಿ ನೋಡಬೇಕೆಂದರೆ ಸ್ಪೇನಿನ ಮಿಗೆಲ್ ದೆ ಉನಾಮುನೋ ಅವರನ್ನು ನೋಡಬೇಕು. ಸಲಮಾಂಕಾ ವಿಶ್ವವಿದ್ಯಾಲಯದಲ್ಲಿ ಗ್ರೀಕ್ ಕಲಿಸುತ್ತಿದ್ದ ಅವರನ್ನು ಪ್ರಿಮೊ ದೆ ರಿವೇರಾನ ಸರ್ವಾಧಿಕಾರ 1924ರ ಫೆಬ್ರವರಿಯಲ್ಲಿ ಹುದ್ದೆಯಿಂದ ಕಿತ್ತು, ಆಫ್ರಿಕದ ತೀರದಾಚೆಯ ಫ್ವೆರ್ತೆವೆಂತೂರಾ ದ್ವೀಪಕ್ಕೆ ಗಡಿಪಾರು ಮಾಡಿತು. ಅಲ್ಲಿದ್ದ ಕೆಲವೇ ತಿಂಗಳಲ್ಲಿ, ಆಮೇಲೆ ಪ್ಯಾರಿಸ್ಸಿನಲ್ಲಿ, ಅವರು ಸಾನೆಟ್ಟುಗಳನ್ನು ಬರೆದರು. 1925ರಲ್ಲಿ ಪುಸ್ತಕವಾದಾಗ ಅದನ್ನು ಸಾನೆಟ್ಟಿಗೆ ಎರಕ ಹೊಯ್ದ ದಿನಚರಿ ಎಂದೇ ಕರೆದರು. ಆಯ್ಕೆ ಮಾಡಿಕೊಂಡ ಪ್ರಕಾರ ಸ್ವಾರಸ್ಯಕರವಾಗಿದೆ. ಹದಿನಾಲ್ಕು ಸಾಲು, ಬಿಗಿಯಾದ ಪ್ರಾಸ. ಹೊರಗಿನವರು ಹಾಕಿದ ಕಟ್ಟಿನೊಳಗೆ ತಾನೇ ಹಾಕಿಕೊಂಡ ಇನ್ನೊಂದು ಕಟ್ಟು. ಪಾಠದ ವೇಳಾಪಟ್ಟಿ ಕಳೆದುಕೊಂಡ ಅಧ್ಯಾಪಕನಿಗೆ ಅದು ದಿನದ ಶಿಸ್ತನ್ನೂ ಕೊಟ್ಟಿರಬೇಕು ಎಂಬುದು ನನ್ನ ಊಹೆ. 1930ರಲ್ಲಿ ಅವರು ಮರಳಿದರು, ಗಣರಾಜ್ಯ ಬಂದ ಮೇಲೆ ಮತ್ತೆ ಕುಲಪತಿಯಾದರು. 1936ರ ಅಂತರ್ಯುದ್ಧದಲ್ಲಿ ಅವರು ಮೊದಮೊದಲು ಸೇನಾ ದಂಗೆಯ ಪರ ನಿಂತದ್ದರಿಂದ ಆಗಸ್ಟ್‌ನಲ್ಲಿ ಗಣರಾಜ್ಯ ಅವರನ್ನು ವಜಾ ಮಾಡಿತು; ದಂಗೆಕೋರರು ಮತ್ತೆ ಕುಲಪತಿ ಪಟ್ಟದಲ್ಲಿ ಕೂರಿಸಿದರು; ಅಕ್ಟೋಬರ್ 12ರ ಸಭೆಯಲ್ಲಿ ಅವರು ಸೇನಾಧಿಕಾರಿಗಳ ಎದುರೇ ತಿರುಗಿ ಮಾತಾಡಿದ ಮೇಲೆ ದಂಗೆಯ ನಾಯಕ ಫ್ರಾಂಕೋನ ಕಡೆಯವರೂ ವಜಾ ಮಾಡಿದರು. ಕೆಲವೇ ತಿಂಗಳಲ್ಲಿ ಎರಡೂ ಪಕ್ಷಗಳಿಂದ ಹುದ್ದೆ ಕಳೆದುಕೊಂಡು ಮನೆಯೊಳಗೇ ಉಳಿದ ಅವರು 1928ರಿಂದ ಕಟ್ಟುತ್ತ ಬಂದಿದ್ದ ಪುಟ್ಟ ಕವಿತೆಗಳ ದಿನಚರಿಯನ್ನು ಆಗಲೂ ಬಿಡಲಿಲ್ಲ. ಸಾವಿರದ ಏಳುನೂರನ್ನು ದಾಟಿದ ಆ ಕವಿತೆಗಳಲ್ಲಿ ಕಡೆಯದರ ತಾರೀಖು ಡಿಸೆಂಬರ್ 28. ಅವರು ತೀರಿಕೊಂಡದ್ದು 31ರಂದು. ಆ ಸಭೆಯ ಭಾಷಣದಲ್ಲಿ ಅವರಾಡಿದ ನಿಖರ ಮಾತುಗಳೇನು ಎಂದು ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ. ಕವಿತೆಗಳ ವಿಷಯದಲ್ಲಿ ಆ ಜಗಳವಿಲ್ಲ, ಅವು ತಾರೀಖಿನ ಸಮೇತ ಕಾಗದದ ಮೇಲಿವೆ.

ಈಗ ಸುತ್ತೋಲೆಯೊಂದನ್ನೇ ಕೈಗೆತ್ತಿಕೊಂಡು ನೋಡೋಣ. ಮುದ್ರಿತ ಪಠ್ಯದ ಮೇಲೆ ಕಪ್ಪು ಬಳಿದು, ಉಳಿಸಿದ ಪದಗಳಿಂದಲೇ ಕವಿತೆ ಕಟ್ಟುವ ಕ್ರಮ ಇತ್ತೀಚಿನ ದಶಕಗಳಲ್ಲಿ ಹಲವು ಭಾಷೆಗಳಲ್ಲಿ ಹಬ್ಬಿದೆ. ಎಲ್ಲಿಯೂ ಹೊರಡದ, ಆದರೆ ಎಲ್ಲಿ ಬೇಕಾದರೂ ಹೊರಡಬಹುದಾದ ಒಂದು ವಾಕ್ಯವನ್ನು ನಾನೇ ಬರೆದು ಇಡುತ್ತೇನೆ:

'ವಿವಾದಾಸ್ಪದ ವಿಷಯಗಳನ್ನು ತರಗತಿಯಲ್ಲಿ ಪ್ರಸ್ತಾಪಿಸುವ ಬೋಧಕರು ಮುಂಚಿತವಾಗಿ ಅನುಮತಿ ಪಡೆಯದಿದ್ದಲ್ಲಿ, ಅಂಥವರನ್ನು ಮುಂದಿನ ಆದೇಶದವರೆಗೆ ಬೋಧನಾ ಕಾರ್ಯದಿಂದ ದೂರ ಇಡುವುದೂ ಸೇರಿದಂತೆ ಸೂಕ್ತ ಕ್ರಮ ಜರುಗಿಸಲಾಗುವುದು.'

ಕಪ್ಪು ಬಳಿದ ಮೇಲೆ ಉಳಿಯುವುದು:

ತರಗತಿಯಲ್ಲಿ
ಬೋಧಕರು
ಮುಂದಿನ ಆದೇಶದವರೆಗೆ
ದೂರ

ಒಂದು ಪದವೂ ಕವಿಯದಲ್ಲ, ಪದಗಳ ಕ್ರಮವೂ ಬದಲಾಗಿಲ್ಲ. ಮೂಲದಲ್ಲಿ ದೂರ ಇಡುವುದು ತಪ್ಪು ಮಾಡಿದವರಿಗೆ ಕಾದಿರುವ ಶಿಕ್ಷೆ. ಇಲ್ಲಿ ಅದು ತರಗತಿಯೊಳಗೇ ನಿಂತವರ ಸ್ಥಿತಿ. ನಿಯಮ ಪಾಲಿಸಿ ಅನುಮತಿ ಪಡೆದ ಬೋಧಕರೂ ತಮ್ಮ ವಿದ್ಯಾರ್ಥಿಗಳಿಂದ ಅಷ್ಟೇ ದೂರ ನಿಂತಿದ್ದಾರೆ ಎಂಬುದನ್ನು ಸುತ್ತೋಲೆ ತನಗೇ ಅರಿವಿಲ್ಲದೆ ಹೇಳಿಬಿಟ್ಟಿತ್ತು. ಕ್ರಿಯಾಪದ ಹೋದ ಮೇಲೆ 'ಜರುಗಿಸಲಾಗುವುದು' ಎಂಬ ಅನಾಮಿಕ ಬೆದರಿಕೆಯೂ ಹೋಯಿತು. ಕರ್ತೃವಿನ ಜಾಗದಲ್ಲಿ ಬೋಧಕರು ಬಂದು ನಿಂತರು. ಇದು ಜಾಣ ಆಟವೆಂದು ತಳ್ಳಿಹಾಕಬಹುದು, ನಿಜಕ್ಕೂ ಇಂಥ ಹಲವು ಕವಿತೆಗಳು ಆಟದಲ್ಲೇ ಮುಗಿಯುತ್ತವೆ. ಆದರೆ ಸುತ್ತೋಲೆಯ ಭಾಷೆಯನ್ನು ದಿನವೂ ಓದಿ, ದಿನವೂ ಅದರಲ್ಲೇ ಉತ್ತರಿಸಬೇಕಾದವರಿಗೆ ಅದೇ ಭಾಷೆಯ ಒಳಗಿನಿಂದ ಇನ್ನೊಂದು ದನಿ ಹೊರಡಿಸಬಹುದು ಎಂದು ಗೊತ್ತಾಗುವುದು ಚಿಕ್ಕ ಸಂಗತಿಯಲ್ಲ.

ಒತ್ತಡ ಸೆರೆಮನೆಯಾದಾಗ ಕವಿತೆಯ ಕೆಲಸವೇ ಬೇರೆಯಾಗುತ್ತದೆ. ದೆಹಲಿ ವಿಶ್ವವಿದ್ಯಾಲಯದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಜಿ. ಎನ್. ಸಾಯಿಬಾಬಾ ಅವರನ್ನು ಮಾವೋವಾದಿ ನಂಟಿನ ಆರೋಪದ ಮೇಲೆ 2014ರ ಮೇ ತಿಂಗಳಲ್ಲಿ ಬಂಧಿಸಲಾಯಿತು. 2017ರಲ್ಲಿ ಜೀವಾವಧಿ ಶಿಕ್ಷೆಯಾಯಿತು; 2022ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಬಿಡುಗಡೆ ಮಾಡಿದ ಮರುದಿನವೇ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಡೆಯಿತು; 2024ರ ಮಾರ್ಚ್‌ನಲ್ಲಿ ಹೈಕೋರ್ಟ್ ಎರಡನೆಯ ಸಲ ನಿರ್ದೋಷಿ ಎಂದಿತು; ಅದೇ ವರ್ಷದ ಅಕ್ಟೋಬರ್ 12ರಂದು ಅವರು ತೀರಿಕೊಂಡರು. ಗಾಲಿಕುರ್ಚಿಯಲ್ಲೇ ಬದುಕಿದ ಅವರು ನಾಗಪುರದ ಜೈಲಿನಿಂದ ಬರೆದ ಪತ್ರಗಳೂ ಕವಿತೆಗಳೂ 2022ರಲ್ಲಿ ಪುಸ್ತಕವಾದವು. ತೆಲುಗು ಉಪನ್ಯಾಸಕರಾಗಿದ್ದ ವರವರ ರಾವ್ ಅವರದು ಇನ್ನೂ ಉದ್ದದ ಕಥೆ. ದಶಕಗಳ ಉದ್ದಕ್ಕೂ ಮತ್ತೆ ಮತ್ತೆ ಬಂಧನ, ಮತ್ತೆ ಮತ್ತೆ ಕವಿತೆ. ಇವರಿಬ್ಬರ ರಾಜಕೀಯವನ್ನು ಒಪ್ಪಬೇಕೆಂದೇನೂ ಇಲ್ಲ. ತರಗತಿ ಕಳೆದುಕೊಂಡ ಅಧ್ಯಾಪಕನ ಮಾತಿಗೆ ಪತ್ರದಷ್ಟು ಅಗಲದ ಕಾಗದ ಮಾತ್ರ ಉಳಿದಾಗ, ಆ ಅಗಲದಲ್ಲಿ ಹಿಡಿಸುವ ಪ್ರಕಾರ ಕವಿತೆ ಎಂಬುದು ಇಲ್ಲಿ ಕಾಣುವ ಸಂಗತಿ.

ಕಾಗದವೂ ಇಲ್ಲದ ಸ್ಥಿತಿಯೊಂದಿದೆ. ಚೀನಾದ ಶಿಂಜಿಯಾಂಗ್‌ನಲ್ಲಿ ಸಾಹಿತ್ಯ ಕಲಿಸುತ್ತಿದ್ದ ಉಯ್ಗುರ್ ಕವಿ ಅಬ್ದುಖಾದಿರ್ ಜಲಾಲಿದ್ದೀನ್ ಅವರನ್ನು 2018ರ ಜನವರಿಯಲ್ಲಿ ಹಿಡಿದೊಯ್ದರು. ಅವರು ಬಂಧನ ಶಿಬಿರದೊಳಗೆ ಕಟ್ಟಿದ ಕವಿತೆಯೊಂದನ್ನು ಜೊತೆಯ ಬಂದಿಗಳು ಬಾಯಿಪಾಠ ಮಾಡಿಕೊಂಡು, ಬಿಡುಗಡೆಯಾದಾಗ ಹೊರತಂದರು; 2020ರಲ್ಲಿ ಅದು ಇಂಗ್ಲಿಷಿನಲ್ಲೂ ಪ್ರಕಟವಾಯಿತು. ಪ್ರಾಸ, ಲಯ, ಪುನರಾವರ್ತನೆಗಳನ್ನು ಅಲಂಕಾರವೆಂದು ಪಾಠ ಹೇಳುತ್ತೇವೆ. ಅವು ನೆನಪಿಗಾಗಿ ಹುಟ್ಟಿದ ಉಪಕರಣಗಳು ಎಂಬುದನ್ನು ಮೌಖಿಕ ಪರಂಪರೆಯವರು ಮರೆತಿಲ್ಲ. ಸಂಶೋಧನಾ ಪ್ರಬಂಧವೊಂದನ್ನು ಹೀಗೆ ಬಾಯಲ್ಲಿ ಹೊತ್ತು ತರಲು ಸಾಧ್ಯವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಈ ಬಗೆಯ ಕವಿತೆಗಳಲ್ಲಿ ಬಹುಪಾಲು ಕಳಪೆ ಎಂಬುದನ್ನು ಮುಚ್ಚಿಡುವಂತಿಲ್ಲ. ಕತ್ತಲೆ, ಹಣತೆ, ಸಂಕೋಲೆ, ಉರಿಯುವ ಪುಸ್ತಕ ಇವು ಬಳಸಿ ಬಳಸಿ ಸವೆದುಹೋದ ನಾಣ್ಯಗಳು. ಅಲ್ಲಿ ಅಧ್ಯಾಪಕ ಯಾವಾಗಲೂ ಹುತಾತ್ಮ, ಅಧಿಕಾರ ಯಾವಾಗಲೂ ರಾಕ್ಷಸ. ನಡುವೆ ಕಡತ ಹಿಡಿದು ಓಡಾಡುವ ವಿಭಾಗದ ಮುಖ್ಯಸ್ಥರಾಗಲೀ, ಬಡ್ತಿಗೆ ಕಾದಿರುವ ಸಹೋದ್ಯೋಗಿಯಾಗಲೀ, ದೂರು ಬರೆದ ವಿದ್ಯಾರ್ಥಿಯಾಗಲೀ ಕಾಣಿಸುವುದೇ ಇಲ್ಲ. ಸುತ್ತೋಲೆ ಕರ್ತೃವನ್ನು ಅಡಗಿಸಿದರೆ ಇಂಥ ಕವಿತೆ ನಕಲಿ ಕರ್ತೃವನ್ನು ನಿಲ್ಲಿಸುತ್ತದೆ. ಇನ್ನೂ ಒಂದು ಮಾತಿದೆ: ಹೆಸರು ಹಾಕಿ ಬರೆಯುವ ಅನುಕೂಲ ಹೆಚ್ಚಾಗಿ ಕಾಯಂ ಹುದ್ದೆಯವರಿಗೆ. ಅಮೆರಿಕದ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಬೋಧಕರಲ್ಲಿ ಸುಮಾರು ಮೂರನೇ ಎರಡು ಭಾಗ ಕಾಯಂ ಹುದ್ದೆಯ ಹಾದಿಯ ಹೊರಗಿನವರು. ಗುತ್ತಿಗೆಯನ್ನು ನವೀಕರಿಸದೆ ಬಿಟ್ಟರೆ ಸಾಕು, ಅವರಿಗೆ ವಜಾ ಆದೇಶವೂ ಬೇಕಿಲ್ಲ. ಅವರ ಕವಿತೆ ಬರೆಯಲಾಗದೆ ಉಳಿದಿರುತ್ತದೆ, ಇಲ್ಲವೇ ಕಾವ್ಯನಾಮದ ಹಿಂದಿರುತ್ತದೆ.

ನನ್ನ ಮಟ್ಟಿಗೆ ಈ ಪ್ರಕಾರದಲ್ಲಿ ಉಳಿಯಬಲ್ಲ ಕವಿತೆ ತಾನು ಬಿಟ್ಟುಬಿಟ್ಟ ಪುಟದ ಬಗ್ಗೆ ಮಾತಾಡುವ ಕವಿತೆ. ಹತ್ತು ವರ್ಷ ಪ್ರತಿ ಸಲವೂ ಕೊಡುತ್ತಿದ್ದ ಉದಾಹರಣೆಯನ್ನು ಈ ಸಲ ಕೊಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಫೋನ್ ಎತ್ತಿ ಹಿಡಿದದ್ದು ಕಂಡಿತು. ಗಂಟಲು ಸರಿಮಾಡಿಕೊಂಡು ಮುಂದಿನ ಅಧ್ಯಾಯಕ್ಕೆ ಹೋದೆ. ಇದಿಷ್ಟನ್ನು 'ನಾನು' ಎಂಬ ಪದದಿಂದ ಬರೆಯಲು ಬೇಕಾಗುವ ಧೈರ್ಯ ಘೋಷಣೆ ಬರೆಯಲು ಬೇಕಿಲ್ಲ.

ಬರೆದದ್ದು ತಿರುಗಿ ವಿಶ್ವವಿದ್ಯಾಲಯಕ್ಕೇ ಬರುತ್ತದೆ ಎಂಬುದು ಈ ಕಥೆಯ ಇನ್ನೊಂದು ಸುತ್ತು. ಕವಿತೆ ಪಠ್ಯವಾಗುತ್ತದೆ, ಪಠ್ಯವಾದದ್ದು ಪರಿಶೀಲನೆಗೆ ಒಳಗಾಗುತ್ತದೆ. ತಮಿಳು ಕವಯಿತ್ರಿ, ಸ್ವತಃ ಶಾಲಾ ಶಿಕ್ಷಕಿಯಾಗಿರುವ ಸುಕೀರ್ತರಾಣಿ ಅವರ ಕವಿತೆಗಳು ದೆಹಲಿ ವಿಶ್ವವಿದ್ಯಾಲಯದ ಇಂಗ್ಲಿಷ್ ಪದವಿ ಪಠ್ಯದಲ್ಲಿದ್ದವು. 2021ರ ಆಗಸ್ಟ್‌ನಲ್ಲಿ ಮೇಲುಸ್ತುವಾರಿ ಸಮಿತಿಯೊಂದು ಅವನ್ನೂ, ಬಾಮಾ ಅವರ ಬರಹವನ್ನೂ, ಮಹಾಶ್ವೇತಾ ದೇವಿಯವರ ಒಂದು ಕಥೆಯನ್ನೂ ಪಟ್ಟಿಯಿಂದ ತೆಗೆಸಿತು. ಶೈಕ್ಷಣಿಕ ಮಂಡಳಿಯ 15 ಸದಸ್ಯರು ಭಿನ್ನಮತದ ಟಿಪ್ಪಣಿ ಬರೆದುಕೊಟ್ಟರು, ತಮ್ಮ ಹೆಸರಿನಲ್ಲಿ, ಗದ್ಯದಲ್ಲಿ. ಬದಲಾದ ಪಠ್ಯಕ್ರಮಕ್ಕೆ ಮಂಡಳಿಯ ಅನುಮೋದನೆ ದೊರೆಯಿತು.